ಪದುಮ ಎಲ್ಲಿ ಮಲಗಿದ್ದಳು?

ಸಂಕ್ರಾಂತಿ ಮುಗಿಸಿಕೊಂಡು ಮಳವಳ್ಳಿ ಕಡೆಯ ನಮ್ಮೂರಿಂದ ಬೆಂಗಳೂರಿಗೆ ವಾಪಸ್ ಬರ್ತಾ ಇದ್ವಿ. ಹಲಗೂರು ದಾಟಿ ಕನಕಪುರದ ಕಡೆ ಹೊರಟಿದ್ದೆ. ಹಿಂದಿನ ಸೀಟಲ್ಲಿ ಅವ್ವ ತುಂಬಿಕೊಟ್ಟ ಅವರೆಕಾಯಿ ಚೀಲ, ಎರಡು ಜಲ್ಲೆ ಕಬ್ಬು, ಒಂದು ಡಬ್ಬ ಎಳ್ಳು-ಬೆಲ್ಲ. ಕಾರಲ್ಲಿ ನನ್ನ ಹಳೇ ಭಾವಗೀತೆಗಳು ಓಡ್ತಾ ಇದ್ದವು. ರಾಯರು ಮಾವನ ಮನೆಗೆ ಬರೋ ಹಾಡು ಬಂತು. ಎಂದಿನಂತೆ ನಾನೂ ಜೊತೆಗೆ ಗುನುಗಿದೆ. ಊರು ಬಿಟ್ಟಾಗಿನಿಂದ ಮಾತೇ ಆಡದೆ ಕೂತಿದ್ದ ಹೆಂಡತಿ ಕೈ ಚಾಚಿ ಸೌಂಡು ತಗ್ಗಿಸಿದಳು.

"ರೀ, ಆ ರಾತ್ರಿ ಪದುಮ ಎಲ್ಲಿ ಮಲಗಿದ್ಲು?"

ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಕೇಳ್ತಾ ಬಂದಿರೋ ಹಾಡು ಇದು. ಕಾಲೇಜಿನ ಹಾಸ್ಟೆಲಲ್ಲಿ ಹಾಡಿದ್ದೀನಿ, ಗೆಳೆಯರ ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾದವರ ಹತ್ರ ಕೇಳಿ ಹಾಡಿಸಿದ್ದೀನಿ. ಆದರೆ ಈ ಪ್ರಶ್ನೆ ಒಂದು ದಿನವೂ ನನಗೆ ಹೊಳೆದಿರಲಿಲ್ಲ. ನಾನು ಸಾಹಿತ್ಯ ಓದಿದವನಲ್ಲ, ಬಿ.ಇ. ಮಾಡಿ ಕೋಡ್ ಬರೆಯೋನು. ಮನೆಗೆ ಬಂದ ಮೇಲೆ ಪುಸ್ತಕ ತೆಗೆದು ಆ ಪದ್ಯವನ್ನ ಹಾಡಿನ ರಾಗ ಬಿಟ್ಟು, ಬರೀ ಅಕ್ಷರವಾಗಿ ಮೊದಲ ಸಲ ಓದಿದೆ. ಈ ಬರಹ ಆ ಓದು.

ಮೊದಲು ಪುಸ್ತಕದ ಬಗ್ಗೆ ಎರಡು ಮಾತು. 'ಮೈಸೂರು ಮಲ್ಲಿಗೆ' ಬಂದದ್ದು 1942ರಲ್ಲಿ. ಅದನ್ನ ಬರೆದ ಕೆ. ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಅಂದರೆ ಹೆಸರಲ್ಲಿ ಮೈಸೂರು ಇದ್ದರೂ ಕವಿ ನಮ್ಮ ಮಂಡ್ಯದವರು. ಮಂಡ್ಯ ಮೈಸೂರಿನಿಂದ ಬೇರೆಯಾಗಿ ಸ್ವಂತ ಜಿಲ್ಲೆ ಆಗಿದ್ದೇ 1939ರಲ್ಲಿ, ಪುಸ್ತಕ ಬರೋಕೆ ಮೂರೇ ವರ್ಷ ಮೊದಲು. ಹಾಗಾಗಿ ಆ ಹೆಸರಿಗೆ ಯಾರೂ ಬೇಜಾರು ಮಾಡ್ಕೋಬೇಕಿಲ್ಲ. ಮುಂದೆ ಅವರು 'ಶಿಲಾಲತೆ'ಯಂಥ ಬೇರೆ ಜಾಡಿನ ಸಂಕಲನಗಳನ್ನ ಕೊಟ್ಟರು, 'ತೆರೆದ ಬಾಗಿಲು' ಪುಸ್ತಕಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಜನರಿಗೆ ಅವರು ಇವತ್ತಿಗೂ ಮಲ್ಲಿಗೆಯ ಕವಿ, ಗಂಡ-ಹೆಂಡಿರ ಕವಿ. 1992ರಲ್ಲಿ ಟಿ. ಎಸ್. ನಾಗಾಭರಣ ಈ ಪದ್ಯಗಳನ್ನೆಲ್ಲ ಒಂದು ಕತೆಯಾಗಿ ಹೊಲಿದು ಸಿನಿಮಾ ಮಾಡಿದ ಮೇಲಂತೂ, ಪುಸ್ತಕ ಮುಟ್ಟದವರಿಗೂ ಹಾಡುಗಳು ಬಾಯಿಪಾಠ.

ಈ ಸಲ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರೇಮಗೀತೆಗಳ ಪುಸ್ತಕ ಅಂತೀವಿ, ಆದರೆ ಇದರಲ್ಲಿ ಗಂಡ-ಹೆಂಡತಿ ಇಬ್ಬರೇ ಇರೋ ಹೊತ್ತು ನಾವು ಅಂದುಕೊಂಡಷ್ಟು ಇಲ್ಲ. ಎರಡು ಮನೆ, ಎರಡು ಊರು, ನಡುವೆ ಒಂದು ದಾರಿ. ಅವನದು ಒಂದೂರು, ಅವಳ ತವರು ನವಿಲೂರು. ಆ ದಾರೀಲಿ ಯಾರಾದರೊಬ್ಬರು ಓಡಾಡ್ತಾನೇ ಇರ್ತಾರೆ. ಬಳೆಗಾರ ಚನ್ನಯ್ಯ ಬಳೆ ಮಾರೋ ನೆಪದಲ್ಲಿ ತವರಿನ ಸುದ್ದಿ ಹೊತ್ತು ತರ್ತಾನೆ. ಹೆಂಡತಿ ತವರಿಂದ ಕಾಗದ ಬರೀತಾಳೆ. ಇನ್ನೊಂದು ಪದ್ಯದಲ್ಲಿ ಗಂಡ ಕನಸಲ್ಲೇ ಹೆಂಡತಿಯನ್ನ ಕೇಳ್ತಾನೆ, ನಿಮ್ಮೂರು ಚೆನ್ನವೋ ನಮ್ಮೂರು ಚೆನ್ನವೋ ಅಂತ. ಅವಳು ಜಾಣೆ, ಅದನ್ಯಾಕೆ ಕೇಳ್ತೀರಿ ಅಂತ ಬಾಯಿ ಮುಚ್ಚಿಸ್ತಾಳೆ. ರಜೆ ಬಂತು ಅಂದರೆ "ನಿಮ್ಮೂರಲ್ಲಿ ಎಷ್ಟು ದಿನ, ನಮ್ಮೂರಲ್ಲಿ ಎಷ್ಟು ದಿನ" ಅಂತ ಕ್ಯಾಲೆಂಡರ್ ಹಿಡ್ಕೊಂಡು ಕೂರೋ ನಮ್ಮಂಥವರಿಗೆ ಇದು ಹಳೇ ಪದ್ಯ ಅನ್ನಿಸೋದೇ ಇಲ್ಲ.

ನಮ್ಮದು ಮದುವೆಯಾದ ಮೊದಲ ವರ್ಷ. ಅವಳೂರು ಮದ್ದೂರಿನ ಹತ್ರ, ನಮ್ಮದು ಮಳವಳ್ಳಿ ಕಡೆ. ಕ್ರಿಸ್‌ಮಸ್ಸಿಂದ ಸಂಕ್ರಾಂತಿವರೆಗೆ ಇದ್ದಬದ್ದ ರಜೆಯೆಲ್ಲ ಕೂಡಿಹಾಕಿ, ನಡುವೆ ನಾಕು ದಿನ ಮನೆಯಿಂದಲೇ ಕೆಲಸ ಅಂತ ಹೇಳಿ ಹೊರಟಿದ್ವಿ. ಅವಳು ಎರಡು ದಿನ ಮುಂಚೆ ರೈಲಲ್ಲಿ ಹೋದಳು. ನಾನು ಆಫೀಸ್ ಮುಗಿಸಿ ರಾತ್ರಿ ಒಬ್ಬನೇ ಕಾರಲ್ಲಿ ಹೋದೆ. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಶುರುವಾದ ಮೇಲೆ ಮದ್ದೂರು, ಮಂಡ್ಯ ಎಲ್ಲ ಪಕ್ಕಕ್ಕೆ ಸರಿದುಬಿಟ್ಟಿವೆ. ಮೊದಲು ಊರು ಬಂದರೆ ವಡೆ ಎಣ್ಣೇಲಿ ಬೇಯೋ ವಾಸನೆಗೇ ಗೊತ್ತಾಗ್ತಿತ್ತು. ಈಗ ಬೋರ್ಡು ನೋಡ್ಕೊಂಡಿರಬೇಕು. ನಾನು ಫೋನಲ್ಲಿ ಮಾತಾಡ್ತಾ ಮದ್ದೂರಿಗೆ ಇಳಿಯೋ ದಾರಿ ಬಿಟ್ಟು ಮಂಡ್ಯದವರೆಗೆ ಹೋಗಿ, ಅಲ್ಲಿಂದ ಹಳೇ ರಸ್ತೇಲಿ ವಾಪಸ್ ಬಂದೆ. ಮಾವನ ಮನೆ ತಲುಪಿದಾಗ ಹನ್ನೊಂದು ಗಂಟೆ.

ಹೆಂಡತಿ ಇರಲಿಲ್ಲ. ಮಳವಳ್ಳೀಲಿ ಯಾರದೋ ಸೀಮಂತಕ್ಕೆ ಹೋದವಳು ಕಡೇ ಬಸ್ಸು ತಪ್ಪಿಸಿಕೊಂಡು ಅಲ್ಲೇ ಉಳಿದಿದ್ದಳು. ಆದರೆ ಅಳಿಯನ ಉಪಚಾರಕ್ಕೇನೂ ಕಮ್ಮಿಯಾಗಲಿಲ್ಲ. ಕಾಲಿಗೆ ಬಿಸಿನೀರು. ನಾಟಿಕೋಳಿ ಸಾರು, ಬಿಸಿ ಮುದ್ದೆ. "ಇನ್ನೊಂದ್ ತುತ್ತು ಉಣ್ಣಿ ಅಳಿಯಂದ್ರೇ" ಅಂತ ಅತ್ತೆ ಬಡಿಸ್ತಾನೇ ಇದ್ದರು. ನಾದಿನಿ ಹಾಸಿಗೆ ಹಾಸಿ, "ಭಾವ, ಅಕ್ಕ ಇಲ್ಲಾಂತ ಸಿಟ್ಟಾ?" ಅಂತ ನಕ್ಕು ಓಡಿದಳು. ಥೇಟ್ ರಾಯರೇ ಆಗಿಬಿಟ್ಟೆ ಅನ್ನಿಸ್ತು ನನಗೆ. ಖುಷಿಗೆ ಗೆಳೆಯರ ಗುಂಪಿಗೆ ಆ ಹಾಡನ್ನೇ ಕಳಿಸಿ ಮಲಗಿದೆ.

ಜನವರಿ ಒಂದಕ್ಕೆ ಗಗನಚುಕ್ಕಿಗೆ ಹೋದ್ವಿ. ಅದೊಂದು ಫಜೀತಿ. ಮಳೆಗಾಲದಲ್ಲಿ ಕಾವೇರಿ ಭೋರ್ಗರೆಯೋ ಜಾಗ, ಜನವರೀಲಿ ಬಂಡೆ ಮೇಲೆ ನಾಕೈದು ಬಿಳೀ ಎಳೆ ಅಷ್ಟೆ. ನೀರಿಗಿಂತ ಸೆಲ್ಫಿ ಕೋಲು ಜಾಸ್ತಿ. ಮದ್ದೂರಿಂದ ಕಟ್ಟಿಸಿಕೊಂಡು ಹೋಗಿದ್ದ ವಡೆ ಪೊಟ್ಟಣವನ್ನ ಒಂದು ಕೋತಿ ನನ್ನ ಕೈಯಿಂದ ಕಿತ್ಕೊಂಡು, ಕಂಬಿ ಮೇಲೆ ಕೂತು, ನಮ್ಮನ್ನೇ ನೋಡ್ತಾ ತಿಂತು. ಅವಳು ನಕ್ಕಿದ್ದೇ ನಕ್ಕಿದ್ದು. ವಾಪಸ್ ಬರುವಾಗ ನಾನು ಪಾಂಡಿತ್ಯ ಬಿಟ್ಟೆ: ಇಲ್ಲೇ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು, 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು, ನಮ್ಮೂರಲ್ಲಿ ಮಾತ್ರ ನಮ್ಮಪ್ಪ ಸೀಮೆಣ್ಣೆ ಬುಡ್ಡೀಲೇ ಓದಿದ್ದು ಅಂತ. "ಪಕ್ಕದಲ್ಲಿರೋರಿಗೇ ಕಡೇಲಿ ಬೆಳಕು, ಅಲ್ವಾ" ಅಂದಳು. ಆಗ ಅದು ಬರೀ ಕರೆಂಟಿನ ಮಾತು ಅಂದುಕೊಂಡೆ.

ಆಮೇಲೆ ಸಂಕ್ರಾಂತಿ, ನಮ್ಮೂರಲ್ಲಿ. ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ಮೊದಲ ಐದು ವರ್ಷ ಸಂಕ್ರಾಂತೀಲಿ ಮುತ್ತೈದೆಯರಿಗೆ ಎಳ್ಳು-ಬೆಲ್ಲದ ಜೊತೆ ಬಾಳೆಹಣ್ಣು ಬೀರಬೇಕು. ಇವಳಿಗೆ ಅದು ಮೊದಲನೇ ವರ್ಷ. ಮಳವಳ್ಳಿ ಸಂತೆಯಿಂದ ಅಪ್ಪ ಎರಡು ಗೊನೆ ತಂದಿದ್ದ. ಅವಳು ಹೊಸ ಸೀರೆಗೆ ಕುಚ್ಚು ಕಟ್ಟಿಸ್ಕೊಂಡಿದ್ದಳು. ಕೊಬ್ಬರಿಯನ್ನ ಬೆಂಗಳೂರಲ್ಲೇ ಸಣ್ಣಗೆ ಹೆಚ್ಚಿ ಒಣಗಿಸಿ ತಂದಿದ್ದಳು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವಳಿಗೆ ಮುಟ್ಟಾಯಿತು.

ನಮ್ಮದು ಬೇಸಾಯದ ಮನೆ. ಮುಟ್ಟಾದರೆ ಕೂರಿಸೋಕೆ ಅಂತ ಬೇರೆ ಕೋಣೆ ನಮ್ಮಲ್ಲಿ ಯಾವತ್ತೂ ಇರಲಿಲ್ಲ. ನಮ್ಮವ್ವ ಆ ದಿನಗಳಲ್ಲೂ ಗದ್ದೇಲಿ ಕಳೆ ಕಿತ್ತಿದ್ದಾಳೆ, ಹುಲ್ಲು ಹೊತ್ತಿದ್ದಾಳೆ. ಮೈ ಮುರಿಯೋ ಕೆಲಸಕ್ಕೆ ಮೈಲಿಗೆ ಇಲ್ಲ. ಅಡಿಗೆ ಮನೆ, ದೇವರ ಗೂಡು, ಹಬ್ಬ, ಇವಕ್ಕೆ ಮಾತ್ರ. ಹಬ್ಬದ ಮನೆ ಅಂತ ಅವಳ ಹಾಸಿಗೆ ಜಗಲಿ ಪಕ್ಕದ ರೂಮಿಗೆ ಹೋಯಿತು. ಅಲ್ಲಿ ಯೂರಿಯಾ ಮೂಟೆಗಳನ್ನ ಪೇರಿಸಿಟ್ಟಿದ್ವಿ. ಅವಳ ತವರಿನವರು ಕೊಟ್ಟ ಹೊಸ ಮಂಚದ ಮೇಲೆ ನಾನು ಮಲಗಿದೆ.

ಹಬ್ಬದ ದಿನ ಊರ ಹೆಂಗಸರು ಬಂದರು, ನೆಂಟರು ಬಂದರು. ಎಲ್ಲರದೂ ಒಂದೇ ಪ್ರಶ್ನೆ, "ಎಲ್ಲವ್ವಾ ಹೊಸ ಸೊಸೆ?" ಅವ್ವನದೂ ಒಂದೇ ಉತ್ತರ, "ಹೊರ್ಗವ್ಳೆ ಕನವ್ವಾ." ನಮ್ಮ ದೊಡ್ಡಮ್ಮ ಮಾತ್ರ ಬಿಡಲಿಲ್ಲ. "ಮುಂದಕ್ಕಾಕೋ ಮಾತ್ರೆ ಸಿಕ್ತದಂತೆ, ನುಂಗ್‌ಬಾರ್ದಾಗಿತ್ತಾ? ಓದ್ದೋರ್ಗೆ ಅಷ್ಟೂ ತಿಳ್ಯಕ್ಕಿಲ್ವಾ?" ಅಂದಳು, ಜಗಲೀಲಿ ಕೂತು, ಗೋಡೆಯಾಚೆ ಕೇಳೋ ಹಾಗೆ. ಸಂಜೆ ದನಗಳಿಗೆ ಕಿಚ್ಚು ಹಾಯಿಸುವಾಗ ಇಡೀ ಊರು ಬೀದೀಲಿತ್ತು. ಅವಳು ಕಿಟಕಿಯಿಂದ ನೋಡಿದಳು.

ನಾನೇನು ಮಾಡಿದೆ? ಬಂದವರ ಜೊತೆ ಕೂತು ಕಬ್ಬು ತಿಂದೆ. ರಾತ್ರಿ ಆ ರೂಮಿನ ಬಾಗಿಲಲ್ಲಿ ನಿಂತು "ಏನಾದ್ರೂ ಬೇಕಾ?" ಅಂದೆ. "ಬೇಡ" ಅಂದಳು. "ಮೂರು ದಿನ ತಾನೆ, ಅಡ್ಜಸ್ಟ್ ಮಾಡ್ಕೊ" ಅಂದೆ. ಇದೇ ನಾನು, 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಕೆಲಸ ಮಾಡೋ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ, ಆಫೀಸಿನ ಟೀ ಹೊತ್ತಲ್ಲಿ ಅದರ ಪರವಾಗಿ ಅರ್ಧ ಗಂಟೆ ಮಾತಾಡಿದ್ದೆ. ಜಗಲಿ ಮೇಲೆ ದೊಡ್ಡಮ್ಮನಿಗೆ ಒಂದು ಮಾತು ಹೇಳೋಕೆ ನನ್ನಿಂದ ಆಗಲಿಲ್ಲ.

ಈಗ ಪದ್ಯಕ್ಕೆ ಬರೋಣ. ರಾಯರು ಬೆಳದಿಂಗಳ ರಾತ್ರೀಲಿ ಮಾವನ ಮನೆಗೆ ಬರ್ತಾರೆ. ಬಾಗಿಲಲ್ಲಿ ಕಾಲಿಗೆ ಬಿಸಿನೀರು ಕಾದಿರುತ್ತೆ. ಮಲ್ಲಿಗೆ ಪರಿಮಳ, ಭರ್ಜರಿ ಊಟ, ಬೆಳ್ಳಿ ಬಟ್ಟಲಲ್ಲಿ ಪಾಯಸ, ಮೆತ್ತನೆ ಹಾಸಿಗೆ, ದಿಂಬಿನ ಮೇಲೆ ಪದುಮಳೇ ಹಾಕಿದ ಕಸೂತಿ ಹೂವು. ನಾದಿನಿ ನಗ್ತಾ ಅಡಿಕೆ ತರ್ತಾಳೆ. ಎಲ್ಲ ಬಂತು, ಪದುಮ ಬರಲಿಲ್ಲ. ಕೇಳಿದರೆ ಅವಳು ಒಳಗಿಲ್ಲ ಅನ್ನೋ ಉತ್ತರ. ಬೆಳಿಗ್ಗೆ ರಾಯರು ಮುನಿಸಿಕೊಂಡು ಹೊರಟು ನಿಲ್ತಾರೆ. ಆಗ ನಾದಿನಿ, ಸ್ನಾನಕ್ಕೆ ನೀರು ಕಾದಿದೆ, ಅದು ಪದುಮಳಿಗೆ ಅಂತಾಳೆ. ಕೊನೆಗೆ ಪದುಮ ಹೂ ಮುಡಿಯುತ್ತಾ ಕೋಣೆಗೆ ಬರ್ತಾಳೆ. ಅಲ್ಲಿಗೆ ಪದ್ಯ ಮುಗೀತು.

"ಒಳಗಿಲ್ಲ" ಅನ್ನೋದನ್ನ ನಾನು ಇಷ್ಟು ವರ್ಷ "ಮನೇಲಿಲ್ಲ" ಅಂತ ತಿಳ್ಕೊಂಡಿದ್ದೆ. ನಾನು ಮದ್ದೂರಲ್ಲಿ ರಾಯರಾಗಿ ಮಲಗಿದ್ದೂ ಆ ಅರ್ಥದಲ್ಲೇ. ಹಾಗೆ ಓದಿದರೆ ಕೊನೇಲಿ ಬರೋ ಸ್ನಾನದ ನೀರಿಗೆ ಕೆಲಸವೇ ಇಲ್ಲ. ಅವಳು ಮುಟ್ಟಾಗಿ ಹೊರಗೆ ಕೂತಿದ್ದಳು, ಬೆಳಿಗ್ಗೆ ನೀರು ಹಾಕಿಕೊಂಡು ಒಳಗೆ ಬಂದಳು ಅಂತ ಓದಿದಾಗ ಮಾತ್ರ ನಾದಿನಿಯ ನಗು, ಮಾವನ ಮನೆಯವರ ಮೌನ, ರಾಯರ ಮುನಿಸು ಎಲ್ಲ ಜಾಗಕ್ಕೆ ಬಂದು ಕೂರುತ್ತೆ. ಅವ್ವನ "ಹೊರ್ಗವ್ಳೆ" ಅನ್ನೋ ಮಾತೂ ಪದ್ಯದ "ಒಳಗಿಲ್ಲ"ವೂ ಒಂದೇ ಮಾತು. ಹೆಂಗಸರಿಗೆ ಇದು ಮೊದಲ ಸಲ ಕೇಳಿದಾಗಲೇ ಗೊತ್ತಾಗಿರುತ್ತೆ. ನನ್ನ ಹೆಂಡತಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಗೊತ್ತಿಲ್ಲದೆ ಹಾಡಿಕೊಂಡು ತಿರುಗಿದ್ದು ನಾನು.

ಕೋಡ್ ರಿವ್ಯೂ ಮಾಡುವಾಗ ನಾವು ಬರೆದಿರೋ ಸಾಲು ಎಷ್ಟು ನೋಡ್ತೀವೋ, ಬಿಟ್ಟುಹೋದ ಸಾಲನ್ನೂ ಅಷ್ಟೇ ಹುಡುಕ್ತೀವಿ. ಹಾಗೇ ನೋಡಿದೆ. ಈ ಪದ್ಯದಲ್ಲಿ ಬಿಸಿನೀರು ಎರಡು ಸಲ ಬರುತ್ತೆ. ಮೊದಲಲ್ಲಿ ರಾಯರ ಕಾಲಿಗೆ, ಕೊನೇಲಿ ಪದುಮಳ ಸ್ನಾನಕ್ಕೆ. ನಡುವೆ ಇರೋದು ಒಂದು ರಾತ್ರಿ. ಆ ರಾತ್ರೀಲಿ ರಾಯರು ಏನು ಉಂಡರು, ಯಾವ ಮಂಚ, ಎಂಥ ದಿಂಬು, ಎಲ್ಲ ಇದೆ. ಅದೇ ಸೂರಿನ ಕೆಳಗೋ ಹಿತ್ತಲಲ್ಲೋ ಇದ್ದ ಪದುಮಳಿಗೆ ಹಾಸಿಗೆ ಇತ್ತೋ ಚಾಪೆಯೋ, ಉಂಡಳೋ ಇಲ್ಲವೋ, ಗಂಡ ಬಂದ ಸದ್ದು ಕೇಳಿ ಏನನ್ನಿಸ್ತೋ, ಒಂದಕ್ಷರ ಇಲ್ಲ. ಅವಳಿಂದ ಆ ಕೋಣೆಗೆ ಬಂದದ್ದು ಕಸೂತಿ ಹೂವೊಂದೇ. ಕೆಲಸ ಒಳಗಿದೆ, ಮಾಡಿದವಳು ಹೊರಗೆ.

ಇಷ್ಟಕ್ಕೇ ಪದ್ಯವನ್ನ ಕಸದ ಬುಟ್ಟಿಗೆ ಹಾಕೋರ ಸಾಲಿಗೆ ನಾನು ಸೇರೋಲ್ಲ. ಯಾಕಂದ್ರೆ ಪದ್ಯ ಯಾರನ್ನ ನೋಡಿ ನಗುತ್ತೆ ಅಂತ ಗಮನಿಸಿ. ನಗೋದು ರಾಯರನ್ನ ನೋಡಿ. ಇಡೀ ಮನೆಗೆ ಗೊತ್ತಿರೋದು ಆ ಮಹರಾಯನಿಗೊಬ್ಬನಿಗೆ ಗೊತ್ತಿಲ್ಲ. ಅವನ ಮುನಿಸು ಮಗುವಿನ ಹಟದ ಥರ ಕಾಣುತ್ತೆ. ಪದುಮಳ ಮೇಲೆ ಒಂದು ಕೊಂಕು ಮಾತಿಲ್ಲ, ಮೈಲಿಗೆ ಅನ್ನೋ ಶಬ್ದ ಸುಳಿಯೋದಿಲ್ಲ. 1942ರಲ್ಲಿ, ಗಂಡಸೊಬ್ಬ ಬರೆದ ಪ್ರೇಮಗೀತೆಯ ನಟ್ಟನಡುವೆ ಹೆಣ್ಣಿನ ಮುಟ್ಟು ಕೂತಿದೆ, ಅದೂ ಹೆಸರು ಹೇಳದೆ, ಅಸಹ್ಯ ಪಡದೆ. ನಮ್ಮ ದೊಡ್ಡಮ್ಮನ ಜಗಲಿ ಮಾತಿಗಿಂತ ಆ ನಾದಿನಿಯ ನಗು ಎಷ್ಟೋ ಪಾಲು ಮೇಲು.

ತಕರಾರು ಇರೋದು ಎರಡು ಕಡೆ. ಒಂದು, ಪದ್ಯ ರಾಯರ ಕೋಣೆ ಬಿಟ್ಟು ಆಚೆ ಹೋಗೋದೇ ಇಲ್ಲ. ಕವಿಗೆ ಹೋಗೋಕೆ ಬರ್ತಿರಲಿಲ್ಲ ಅಂತಲ್ಲ. ಇದೇ ಪುಸ್ತಕದಲ್ಲಿ ಹೆಂಡತಿ ತವರಿಂದ ಬರೆಯೋ ಕಾಗದದ ಪದ್ಯ ಇದೆ. ತವರಿನ ಸುಖದಲ್ಲಿ ನಿಮ್ಮನ್ನ ಮರೆತೆ ಅಂದುಕೊಳ್ಳಬೇಡಿ ಅಂತ ಅವಳೇ ಮಾತಾಡ್ತಾಳೆ, ಅವನ ಪ್ರೀತಿಯನ್ನೂ ಒರೆಗಲ್ಲಿಗೆ ಹಚ್ಚೋಕೆ ಹೇಳ್ತಾಳೆ. ಅಲ್ಲಿ ಅವಳಿಗೆ ದನಿ ಇದೆ, ಅಭಿಮಾನ ಇದೆ, ಗಂಡನನ್ನ ತಿದ್ದೋ ಧೈರ್ಯ ಇದೆ. ನನ್ನ ಹೆಂಡತಿಗೆ ಇಡೀ ಪುಸ್ತಕದಲ್ಲಿ ಹಿಡಿಸಿದ್ದು ಆ ಪದ್ಯ. "ಇವಳು ದೂರ ಇದ್ದಾಗ ಮಾತಾಡ್ತಾಳೆ, ಗೋಡೆ ಆಚೆ ಇದ್ದಾಗ ಮಾತಾಡಲ್ಲ" ಅಂದಳು. ಇದಕ್ಕಿಂತ ಒಳ್ಳೆ ವಿಮರ್ಶೆ ನನ್ನಿಂದ ಆಗೋಲ್ಲ.

ಇನ್ನೊಂದು ತಕರಾರು ನಮ್ಮ ಮೇಲೆ, ಹಾಡಿದವರು ಕೇಳಿದವರ ಮೇಲೆ. ಪದ್ಯದಲ್ಲಿ ಗುಟ್ಟಾಗಿದ್ದದ್ದು ಹಾಡಾದ ಮೇಲೆ ಮಾಯವೇ ಆಯಿತು. ರಾಗ ಎಷ್ಟು ಇಂಪು ಅಂದ್ರೆ, ಪಾಯಸ ಮಲ್ಲಿಗೆಗಳಲ್ಲೇ ಕಿವಿ ತುಂಬಿಹೋಗುತ್ತೆ. ಆರತಕ್ಷತೆ ವೇದಿಕೆ ಮೇಲೆ ಅಳಿಯನನ್ನ ರೇಗಿಸೋಕೆ ಹಾಡ್ತೀವಿ, ಪಕ್ಕದಲ್ಲಿ ನಿಂತ ಮದುಮಗಳು ತಲೆ ತಗ್ಗಿಸಿ ನಗ್ತಾಳೆ. ಆ ನಗುವಿನ ಅರ್ಥ ನಾವು ಕೇಳೋಕೆ ಹೋಗಿಲ್ಲ.

ಇನ್ನೊಂದು ಮಾತು. ಈ ಪುಸ್ತಕದ ರಾಯರು, ಶಾನುಭೋಗರು ನಮ್ಮಂಥ ಒಕ್ಕಲು ಮನೆಯವರಲ್ಲ. ಬೆಳ್ಳಿ ಬಟ್ಟಲು ನಮ್ಮಜ್ಜಿ ಕಂಡವಳಲ್ಲ. ಹಾಗಾಗಿ ಇದು ನಮ್ಮ ಕತೆ ಅಲ್ಲ, ಅವರ ಕತೆ ಅಂತ ಜಾರಿಕೊಳ್ಳೋದು ಸುಲಭ. ನಾನೂ ಒಂದು ಕ್ಷಣ ಹಾಗೆ ಯೋಚಿಸಿದೆ. ಯೂರಿಯಾ ಮೂಟೆಯ ವಾಸನೆ ನೆನಪಾಯಿತು, ಸುಮ್ಮನಾದೆ. ಬೆಳ್ಳಿ ಬಟ್ಟಲು ಇಲ್ಲದ ಮನೇಲೂ ಪದುಮ ಹೊರಗೇ ಇದ್ದಳು.

ಯುಗಾದಿಗೆ ಊರಿಗೆ ಹೋದಾಗ ಮೊದಲ ಕೆಲಸ ಅಂತ ಆ ಮೂಟೆಗಳನ್ನೆಲ್ಲ ಪಂಪ್‌ಸೆಟ್ ಮನೆಗೆ ಸಾಗಿಸಿದೆ. ರೂಮಿಗೆ ಸುಣ್ಣ ಹೊಡೆಸಿ, ಒಂದು ಫ್ಯಾನು ಹಾಕಿಸಿದೆ. ಹೆಂಡತಿಯನ್ನ ಕರೆದು ತೋರಿಸಿದೆ, ಒಂದು ಮೆಚ್ಚುಗೆ ಸಿಗಬಹುದು ಅಂತ. ಅವಳು ಸುತ್ತ ನೋಡಿ, "ರೂಮು ಚೆನ್ನಾಗಿದೆ. ಅದಕ್ಕೆ ನಾನು ಇಲ್ಲೇ ಇರಬೇಕಾ?" ಅಂದಳು.

ಅವತ್ತು ರಾತ್ರಿ ಅವ್ವನ ಹತ್ರ ಮಾತೆತ್ತಿದೆ. ಬಾಳೆಹಣ್ಣು ಬೀರೋದು ಒಂದು ವರ್ಷ ತಪ್ಪಿತಲ್ಲ, ಮುಂದಿನ ಸಂಕ್ರಾಂತಿಗೂ ಹೀಗೇ ಆದರೆ ಏನ್ಮಾಡ್ತೀಯ ಅಂದೆ. ಅವ್ವ ಒಲೆ ಮುಂದೆ ಕೂತಿದ್ದಳು. ಬೆಂಕಿ ಕೆದಕುತ್ತಾ ತುಂಬಾ ಹೊತ್ತು ಸುಮ್ಮನಿದ್ದು, "ನಂಗೇನ್ಲಾ ಮಗಾ, ನಾನು ಮುಟ್ಟಾಗ್ ಗದ್ದೇಲ್ ಬಿದ್ದಿರೂವಾಗ ನಿಮ್ಮಪ್ಪ ಒಂದಿನ ಕೇಳ್ನಿಲ್ಲ ಹೊಟ್ಟೆ ನೋಯ್ತದಾ ಅಂತವ. ನೀನ್ ಕೇಳ್ತಿದೀಯ. ಆದ್ರೆ ಬಂದ ಹೆಂಗುಸ್ರ ಕುಟ್ಟೆ ಯೋನೇಳನ?" ಅಂದಳು. ಅದಕ್ಕೆ ಉತ್ತರ ಅವ್ವನ ಹತ್ರ ಇರಲಿಲ್ಲ, ನನ್ನ ಹತ್ರವೂ ಇರಲಿಲ್ಲ. ಒಳಗಿನಿಂದ ಹೆಂಡತಿ ಹೇಳಿದಳು, "ಏನೂ ಹೇಳಬೇಡಿ ಅತ್ತೆ. ನಾನೇ ಹೊರಗೆ ಬಂದು ಹಣ್ಣು ಕೊಡ್ತೀನಿ, ಬೇಕಾದವರು ಇಸ್ಕೋತಾರೆ."

ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮುದ್ದೆ ಮಡಕೆ ಇಳಿಸಿದಳು.

ಮುಂದಿನ ಸಂಕ್ರಾಂತಿಗೆ ಇನ್ನೂ ಸಮಯ ಇದೆ. ಹಾಡು ಕಾರಿನಲ್ಲಿ ಈಗಲೂ ಇದೆ, ತೆಗೆದುಹಾಕಿಲ್ಲ. ಕೊನೆಯ ಚರಣ ಬಂದಾಗ ಈಗ ನಾನು ಗುನುಗೋದು ನಿಲ್ಲಿಸಿ ಕೇಳಿಸ್ಕೋತೀನಿ.